ಅಂತರಜಾಲ ಮತ್ತು ರೈತ: ದಾರಿ, ಸಮಾನತೆ ಹಾಗೂ ಮಾಹಿತಿಯ ಒಡೆತನ

ತೊಗರಿ ಬೆಳೆಯಲ್ಲಿ ಸಮಗ್ರ ಕೀಟ ನಿರ್ವಹಣೆಯನ್ನು ಕುರಿತು ಏರ್ಪಡಿಸಿದ್ದ ತರಬೇತಿ ಶಿಬಿರವೊಂದರಲ್ಲಿ ಕಾಯಿಕೊರಕದ ಹತೋಟಿಯ ಬಗ್ಗೆ ಸುಮಾರು ಒಂದು ಗಂಟೆ ಕಾಲ ವಿವರಿಸಿ, ಪ್ರಶ್ನೆಗಳಿದ್ದರೆ ಕೇಳಬಹುದೆಂದು ಹೇಳಿದೆ. ಹಿರಿಯ ರೈತರೊಬ್ಬರು ಎದ್ದು ನಿಂತರು. "ಸರ, ನಮ್ಮ ಹೊಲ್ದಾಗ ತೊಗರಿ ಅದ ಅನ್ನೋದು ನನಗ ಗೊತ್ತು, ನಮ್ಮ ಊರಿಗೆ ಗೊತ್ತು. ಎಣ್ಣಿ ಕಂಪನಿಯವರಿಗೆ ಯಾರು ಹೇಳಿದ್ರು? ಹೋದ ವರ್ಷ ಹೂವು ಬಿಡೋ ವಾರಕ್ಕ ಸರಿಯಾಗಿ ಫೋನ್ ಮಾಡಿದ್ರು. ಎಷ್ಟು ಎಕರೆ ಅನ್ನೋದೂ ಅವರಿಗೆ ಗೊತ್ತಿತ್ತು" ಎಂದರು. ಕಾಯಿಕೊರಕದ ಬಗ್ಗೆ ಎಷ್ಟೇ ಪ್ರಶ್ನೆ ಕೇಳಿದ್ದರೂ ಉತ್ತರಿಸುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುವಾಗ ತಿಳಿದುಬಂದ ಸಂಗತಿಗಳನ್ನು ರೈತ ಬಾಂಧವರ ಹಾಗೂ ವಿಸ್ತರಣಾ ಕಾರ್ಯಕರ್ತರ ಅನುಕೂಲಕ್ಕಾಗಿ ಈ ಲೇಖನದಲ್ಲಿ ವಿವರಿಸಲಾಗಿದೆ.

ಇಂದು ಪಹಣಿ ಪಡೆಯುವುದು, ಹವಾಮಾನ ಮುನ್ಸೂಚನೆ ತಿಳಿಯುವುದು, ಮಾರುಕಟ್ಟೆ ಧಾರಣೆ ನೋಡುವುದು, ಬೆಳೆ ವಿಮೆಯ ಕಂತು ಕಟ್ಟುವುದು, ಬೆಳೆ ಸಮೀಕ್ಷೆ ಮಾಡುವುದು, ಸಹಾಯಧನಕ್ಕೆ ಅರ್ಜಿ ಹಾಕುವುದು ಇವೆಲ್ಲವೂ ಅಂತರಜಾಲದ ಮೂಲಕವೇ ನಡೆಯುತ್ತಿವೆ. ಬೀಜ, ಗೊಬ್ಬರ, ನೀರುಗಳಂತೆ ಅಂತರಜಾಲವೂ ಬೇಸಾಯದ ಒಂದು ಪರಿಕರವಾಗಿದೆ. ಆದರೆ ಬೀಜ ಕಾಯಿದೆ, ಗೊಬ್ಬರ ನಿಯಂತ್ರಣ ಆದೇಶಗಳ ಬಗ್ಗೆ ನಮ್ಮ ರೈತರಿಗೆ ಇರುವಷ್ಟು ತಿಳುವಳಿಕೆ ಅಂತರಜಾಲದ ಕಾನೂನುಗಳ ಬಗ್ಗೆ ಇಲ್ಲ. ಈ ಕಾನೂನುಗಳನ್ನು ಕುರಿತ ವಾದವಿವಾದಗಳು ದೆಹಲಿಯಲ್ಲಿ, ನ್ಯಾಯಾಲಯಗಳಲ್ಲಿ ಹಾಗೂ ಪತ್ರಿಕೆಗಳಲ್ಲಿ ನಡೆದಿವೆ. ಅನೇಕ ಸಲ ಅವು ರೈತನ ಹೆಸರಿನಲ್ಲಿಯೇ ನಡೆದಿದ್ದರೂ ಅಲ್ಲಿ ರೈತ ಮಾತನಾಡಿದ್ದು ಕಡಿಮೆ.

ಕಾಲುವೆಯ ಹೋಲಿಕೆ

ನೀರಾವರಿ ಪ್ರದೇಶದ ರೈತರಿಗೆ ಈ ವಿಷಯವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ತುಂಬಿ ಹರಿಯುವಾಗ ಕೊನೆಯ ಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ಕಾಯಬೇಕಾಗುತ್ತದೆ. ಇಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ನೀರು ಕೊನೆಯ ಹೊಲದವರೆಗೆ ತಲುಪುತ್ತದೆಯೇ? ತೂಬು ನಿರ್ವಹಿಸುವವರು ಎಲ್ಲರ ಹೊಲಕ್ಕೂ ಒಂದೇ ನಿಯಮದಂತೆ ನೀರು ಬಿಡುತ್ತಾರೆಯೇ? ಯಾರ ಹೊಲಕ್ಕೆ ಎಷ್ಟು ನೀರು ಹೋಯಿತು, ಏನು ಬೆಳೆಯಿತು ಎಂಬ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಅಂತರಜಾಲದ ಬಗೆಗಿನ ಚರ್ಚೆಯೂ ಇದೇ ಮೂರು ಪ್ರಶ್ನೆಗಳದ್ದು. ಮೊದಲನೆಯದು ಸಂಪರ್ಕದ ಲಭ್ಯತೆ. ಎರಡನೆಯದು ನೆಟ್ ನ್ಯೂಟ್ರಾಲಿಟಿ ಎಂದು ಕರೆಯಲಾಗುವ ಜಾಲ ಸಮಾನತೆ. ಮೂರನೆಯದು ವೈಯಕ್ತಿಕ ಮಾಹಿತಿಯ ರಕ್ಷಣೆ. ಒಂದೊಂದನ್ನಾಗಿ ನೋಡೋಣ.

1. ಸಂಪರ್ಕದ ಲಭ್ಯತೆ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತಿಯನ್ನು ಎಳೆಯುವ ಯೋಜನೆಗೆ ಕೇಂದ್ರ ಸಂಪುಟವು 2011 ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ದೇಶದ ಸುಮಾರು 2.5 ಲಕ್ಷ ಪಂಚಾಯಿತಿಗಳನ್ನು ಮುಟ್ಟುವುದು ಇದರ ಗುರಿ. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. 2 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿಗೆ ತಂತಿ ತಲುಪಿದೆಯಾದರೂ, ಪಂಚಾಯಿತಿ ಕಚೇರಿಗೆ ತಂತಿ ಬಂದ ಮಾತ್ರಕ್ಕೆ ಹೊಲದ ಮನೆಗೆ ಸಂಪರ್ಕ ಬಂದಂತಾಗುವುದಿಲ್ಲ. ಮುಖ್ಯ ಕಾಲುವೆ ತೋಡಿ ಹೊಲಗಾಲುವೆ ತೋಡದಿದ್ದರೆ ಹೇಗೋ ಹಾಗೆ. ತಂತಿ ತುಂಡಾದರೆ ದುರಸ್ತಿ ತಡವಾಗುವುದು ಇನ್ನೊಂದು ತೊಂದರೆ. 2023 ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿ ವೆಚ್ಚದ ತಿದ್ದುಪಡಿ ಯೋಜನೆಗೆ ಮಂಜೂರಾತಿ ನೀಡಿ, ನಿರ್ವಹಣೆಗೆ ಹಾಗೂ ಮನೆಗಳ ಸಂಪರ್ಕಕ್ಕೆ ಹೆಚ್ಚಿನ ಗಮನ ಕೊಡಲಾಗಿದೆ.

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ದೂರವಾಣಿ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದಲ್ಲಿ ಶೇಕಡಾ 5 ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟಬೇಕು. 2023 ರ ದೂರಸಂಪರ್ಕ ಕಾಯಿದೆಯ ನಂತರ ಈ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಾಗಿದೆ. ಕಂಪನಿಗಳ ಆದಾಯವೆಂದರೆ ನಾವು ನೀವು ಮಾಡಿಸುವ ರೀಚಾರ್ಜ್ ಹಣ. ಆದುದರಿಂದ ಹಳ್ಳಿಗೆ ಸಂಪರ್ಕ ಕೇಳುವುದು ದಾನ ಕೇಳಿದಂತಲ್ಲ. ಅದಕ್ಕಾಗಿ ಹಣವನ್ನು ಮೊದಲೇ ಕಟ್ಟಲಾಗಿದೆ.

ಒಂದೇ ಮನೆಯೊಳಗೂ ವ್ಯತ್ಯಾಸವಿದೆ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರಜಾಲ ಬಳಸಿದವರು ದೇಶದ ಗ್ರಾಮೀಣ ಗಂಡಸರಲ್ಲಿ ಶೇಕಡಾ 48.7 ಇದ್ದರೆ, ಗ್ರಾಮೀಣ ಹೆಂಗಸರಲ್ಲಿ ಶೇಕಡಾ 24.6 ಮಾತ್ರ. ಆ ಬಳಿಕ ಬಳಕೆ ಹೆಚ್ಚಿದೆ. ಆದರೂ ಕಳೆ ಕೀಳುವವರು, ಹಾಲು ಕರೆಯುವವರು, ಬೀಜ ಕಾಪಿಡುವವರು ಹೆಂಗಸರಾಗಿದ್ದು ಸಲಹೆ ಬರುವ ಫೋನು ಗಂಡಸರ ಜೇಬಿನಲ್ಲಿ ಇದ್ದರೆ ನಮ್ಮ ವಿಸ್ತರಣೆ ಅರ್ಧ ಕೆಲಸ ಮಾಡಿದಂತೆಯೇ ಸರಿ.

ನ್ಯಾಯಾಲಯಗಳೂ ಈ ವಿಷಯವನ್ನು ಪರಿಶೀಲಿಸಿವೆ. ಕೇರಳದ ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು, ಮೊಬೈಲ್ ಬಳಕೆಯ ನಿಯಮವನ್ನು ಒಪ್ಪಲಿಲ್ಲವೆಂಬ ಕಾರಣಕ್ಕೆ ವಿದ್ಯಾರ್ಥಿನಿಲಯದಿಂದ ಹೊರಹಾಕಲಾಯಿತು. 2019 ರ ಸೆಪ್ಟೆಂಬರ್‌ನಲ್ಲಿ ಕೇರಳ ಉಚ್ಚ ನ್ಯಾಯಾಲಯವು ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಪಿತ್ತಿತು. 2020 ರ ಜನವರಿ 10 ರಂದು ಸರ್ವೋಚ್ಚ ನ್ಯಾಯಾಲಯವು ಕಾಶ್ಮೀರದಲ್ಲಿ ಅಂತರಜಾಲ ನಿಲ್ಲಿಸಿದ್ದ ಪ್ರಕರಣದಲ್ಲಿ, ಅಂತರಜಾಲದ ಮೂಲಕ ನಡೆಯುವ ಅಭಿವ್ಯಕ್ತಿಗೂ ವ್ಯಾಪಾರ ವೃತ್ತಿಗೂ ಸಂವಿಧಾನದ ರಕ್ಷಣೆಯಿದೆ, ಅನಿರ್ದಿಷ್ಟ ಕಾಲ ಅದನ್ನು ನಿಲ್ಲಿಸುವಂತಿಲ್ಲ, ನಿಲ್ಲಿಸುವ ಆದೇಶವನ್ನು ಪ್ರಕಟಿಸಬೇಕು ಎಂದು ಹೇಳಿತು. ಧಾರಣೆ ನೋಡಿ ಮಾಲು ಸಾಗಿಸುವ ರೈತನಿಗೂ ಈ ಮಾತು ಅನ್ವಯಿಸುತ್ತದೆ.

2. ಜಾಲ ಸಮಾನತೆ

ಸಂಪರ್ಕ ಕೊಡುವ ಕಂಪನಿಯು ಆ ದಾರಿಯಲ್ಲಿ ಹರಿಯುವ ಎಲ್ಲ ಮಾಹಿತಿಯನ್ನೂ ಒಂದೇ ರೀತಿ ಕಾಣಬೇಕು. ಒಂದನ್ನು ತಡೆಯುವುದು, ಇನ್ನೊಂದನ್ನು ನಿಧಾನ ಮಾಡುವುದು, ಮತ್ತೊಂದಕ್ಕೆ ಹಣ ಪಡೆದು ದಾರಿ ಬಿಡುವುದು ಕೂಡದು. ಇದೇ ಜಾಲ ಸಮಾನತೆಯ ಸಾರಾಂಶ. ನೆಟ್ ನ್ಯೂಟ್ರಾಲಿಟಿ ಎಂಬ ಹೆಸರನ್ನು 2003 ರಲ್ಲಿ ಬಳಕೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ.

ನಮ್ಮ ದೇಶದಲ್ಲಿ ಈ ವಾದ ಬಿಸಿಯೇರಿದ್ದು 2015 ರಲ್ಲಿ. ಟ್ರಾಯ್ ಎಂದು ಕರೆಯಲಾಗುವ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಆ ವರ್ಷದ ಮಾರ್ಚ್‌ನಲ್ಲಿ ಸಮಾಲೋಚನಾ ಪತ್ರವೊಂದನ್ನು ಹೊರಡಿಸಿದಾಗ ಜನರಿಂದ 10 ಲಕ್ಷದಷ್ಟು ಇ-ಮೇಲ್‌ಗಳು ಬಂದವು. ಸರ್ಕಾರಿ ಪ್ರಾಧಿಕಾರವೊಂದು ಅಭಿಪ್ರಾಯ ಕೇಳಿದಾಗ ಇಷ್ಟು ಜನ ಬರೆದದ್ದು ಅಪರೂಪ. ಇದೇ ವೇಳೆಗೆ ಫೇಸ್‌ಬುಕ್ ಕಂಪನಿಯು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ, ಆಯ್ದ ಕೆಲವು ಜಾಲತಾಣಗಳನ್ನು ಮಾತ್ರ ಉಚಿತವಾಗಿ ತೋರಿಸುವ ಸೇವೆಯನ್ನು ಆರಂಭಿಸಿತ್ತು. ಅದಕ್ಕೆ ನಂತರ ಫ್ರೀ ಬೇಸಿಕ್ಸ್ ಎಂದು ಹೆಸರಿಡಲಾಯಿತು.

ಈ ಸೇವೆಯನ್ನು ಸಮರ್ಥಿಸಿಕೊಳ್ಳಲು ಪುಟಗಟ್ಟಲೆ ಜಾಹೀರಾತುಗಳು ಬಂದವು. 2015 ರ ಡಿಸೆಂಬರ್ ಕೊನೆಯಲ್ಲಿ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಭಾರತದ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಮಹಾರಾಷ್ಟ್ರದ ರೈತರೊಬ್ಬರು ಈ ಸೇವೆಯಿಂದ ಮಳೆಯ ಮಾಹಿತಿ ಹಾಗೂ ಧಾರಣೆ ತಿಳಿದು ಲಾಭ ಪಡೆದರೆಂದು ಉದಾಹರಿಸಿದರು. ದೇಶದ ಬಹು ದೊಡ್ಡ ಅಂತರಜಾಲ ವಿವಾದದಲ್ಲಿ ರೈತನನ್ನೇ ಸಾಕ್ಷಿಯಾಗಿ ನಿಲ್ಲಿಸಲಾಯಿತು ಎಂಬುದನ್ನು ನಾವು ಗಮನಿಸಬೇಕು.

ಸಮರ್ಥಕರ ವಾದ ತಳ್ಳಿಹಾಕುವಂತಹದೇನಲ್ಲ. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಗಲಿ, ಹಸಿದವನಿಗೆ ಪೂರ್ತಿ ಊಟವಿಲ್ಲದಿದ್ದರೆ ಒಂದು ರೊಟ್ಟಿಯಾದರೂ ಸಿಗಲಿ ಎಂಬುದು ಅವರ ಮಾತಿನ ತಿರುಳು. ವಿರೋಧಿಗಳು ಕೇಳಿದ್ದು ಬೇರೆ ಪ್ರಶ್ನೆ. ಆ ಕೆಲವು ಜಾಲತಾಣಗಳನ್ನು ಆರಿಸುವವರು ಯಾರು? ಒಂದು ಉದಾಹರಣೆ ನೋಡೋಣ. ನಿಮ್ಮ ಫೋನಿನಲ್ಲಿ ಒಂದು ಖಾಸಗಿ ಖರೀದಿ ಕಂಪನಿಯ ಧಾರಣೆ ಉಚಿತವಾಗಿ ಕಾಣುತ್ತದೆ, ಎಪಿಎಂಸಿ ಧಾರಣೆ ನೋಡಲು ಹಣ ಕೊಡಬೇಕು ಎಂದಿಟ್ಟುಕೊಳ್ಳಿ. ಕೆಲವೇ ದಿನಗಳಲ್ಲಿ ನೀವು ಉಚಿತ ಧಾರಣೆಯನ್ನೇ ನಿಜವಾದ ಧಾರಣೆ ಎಂದು ನಂಬುತ್ತೀರಿ. ಮಂಡಿಗೆ ಹೋಗುವ ದಾರಿಯಲ್ಲಿ ಒಬ್ಬನೇ ದಲ್ಲಾಳಿಯ ಅಂಗಡಿಗೆ ಮಾತ್ರ ಬಸ್ಸು ಉಚಿತವಾದರೆ ಆಗುವುದೂ ಇದೇ. ಬಸ್ಸಿನ ಟಿಕೆಟಿನ ಹಣ ಉಳಿಯುತ್ತದೆ, ಕ್ವಿಂಟಾಲಿನ ಬೆಲೆಯಲ್ಲಿ ಅದು ಹೋಗುತ್ತದೆ.

ಕಡೆಗೆ 2016 ರ ಫೆಬ್ರವರಿ 8 ರಂದು ಟ್ರಾಯ್ ನಿಯಮವನ್ನು ಹೊರಡಿಸಿತು. ನೋಡುವ ವಿಷಯವನ್ನು ಆಧರಿಸಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಲಾಯಿತು. ಮೀರಿದ ಕಂಪನಿಗೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ ಎಂದು ಗೊತ್ತುಪಡಿಸಲಾಯಿತು. ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ ಇತ್ತು. ಫ್ರೀ ಬೇಸಿಕ್ಸ್ ಭಾರತದಲ್ಲಿ ನಿಂತಿತು. 2018 ರ ಜುಲೈನಲ್ಲಿ ಕೇಂದ್ರ ಸರ್ಕಾರವು ತಡೆಯುವುದು, ನಿಧಾನಗೊಳಿಸುವುದು, ಆದ್ಯತೆ ನೀಡುವುದು ಇವುಗಳನ್ನೂ ನಿಷೇಧಿಸುವ ತತ್ತ್ವವನ್ನು ಒಪ್ಪಿಕೊಂಡಿತು.

ಹಾಗಾದರೆ ಬಡ ರೈತನಿಗೆ ಸಿಗುತ್ತಿದ್ದ ಒಂದು ರೊಟ್ಟಿಯೂ ಹೋಯಿತೇ? ಹಾಗಾಗಲಿಲ್ಲ. ಅದೇ 2016 ರ ಸೆಪ್ಟೆಂಬರ್‌ನಲ್ಲಿ ಜಿಯೋ ಕಂಪನಿಯು ಮಾರುಕಟ್ಟೆಗೆ ಬಂದು, ಪೈಪೋಟಿಯಿಂದ ಡೇಟಾ ದರ ತೀವ್ರವಾಗಿ ಇಳಿಯಿತು. ಅಂತರಜಾಲವನ್ನು ತುಂಡು ಮಾಡದೆಯೂ ಅಗ್ಗವಾಗಿ ಹಳ್ಳಿಗೆ ಮುಟ್ಟಿಸಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಪೈಪೋಟಿಯಲ್ಲಿ ಹಲವು ಕಂಪನಿಗಳು ಮುಚ್ಚಿಹೋಗಿ ಕೆಲವೇ ಉಳಿದವು. 2024 ರ ಜುಲೈನಲ್ಲಿ ದೊಡ್ಡ ಖಾಸಗಿ ಕಂಪನಿಗಳು ಹೆಚ್ಚು ಕಡಿಮೆ ಒಟ್ಟಿಗೇ ದರ ಏರಿಸಿದವು. ಪೈಪೋಟಿ ಕೊಟ್ಟದ್ದನ್ನು ಪೈಪೋಟಿ ಕುಗ್ಗಿದಾಗ ಹಿಂದಕ್ಕೆ ಪಡೆಯಬಹುದು ಎಂಬ ಎಚ್ಚರಿಕೆಯೂ ಅವಶ್ಯ.

ಈ ವಿವಾದ ಮುಗಿದಿದೆ ಎಂದು ತಿಳಿಯಬಾರದು. ಅಮೆರಿಕದಲ್ಲಿ ಜಾಲ ಸಮಾನತೆಯ ನಿಯಮವು 2015 ರಲ್ಲಿ ಬಂದಿತು, 2017 ರ ಡಿಸೆಂಬರ್‌ನಲ್ಲಿ ರದ್ದಾಯಿತು, 2024 ರ ಏಪ್ರಿಲ್‌ನಲ್ಲಿ ಮತ್ತೆ ಬಂದಿತು, 2025 ರ ಜನವರಿ 2 ರಂದು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ನಮ್ಮಲ್ಲಿಯೂ ದೂರವಾಣಿ ಕಂಪನಿಗಳು, ತಮ್ಮ ಜಾಲದ ಮೇಲೆ ಹೆಚ್ಚು ವಿಡಿಯೋ ಹರಿಸುವ ದೊಡ್ಡ ಕಂಪನಿಗಳು ಜಾಲದ ವೆಚ್ಚದಲ್ಲಿ ಪಾಲು ಕೊಡಬೇಕೆಂದು ಕೇಳುತ್ತ ಬಂದಿವೆ. ಕಂಬ ನೆಟ್ಟು ತಂತಿ ಎಳೆಯಲು ಹಣ ಬೇಕು ಎಂಬ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹಾಗೆ ಪಾಲು ಕೊಡಬಲ್ಲವರು ದೊಡ್ಡವರು ಮಾತ್ರ. ನಾಲ್ಕು ಹಳ್ಳಿಗಳ ರೈತ ಉತ್ಪಾದಕ ಕಂಪನಿಯೊಂದು ತನ್ನ ಮಾವಿನಹಣ್ಣು ಮಾರಲು ಸ್ವಂತ ಜಾಲತಾಣ ತೆರೆದರೆ ಅದೂ ದೊಡ್ಡವರ ತಾಣದಷ್ಟೇ ವೇಗದಲ್ಲಿ ಗ್ರಾಹಕನ ಫೋನಿನಲ್ಲಿ ತೆರೆದುಕೊಳ್ಳಬೇಕು. ರೈತನ ದೃಷ್ಟಿಯಿಂದ ಜಾಲ ಸಮಾನತೆಯ ಪ್ರಯೋಜನ ಇದೇ ಆಗಿದೆ.

3. ಮಾಹಿತಿಯ ಒಡೆತನ

ಕಾಲುವೆಯಲ್ಲಿ ನೀರು ಕೆಳಕ್ಕೆ ಮಾತ್ರ ಹರಿಯುತ್ತದೆ. ಅಂತರಜಾಲದಲ್ಲಿ ನಮ್ಮ ಕಡೆಯಿಂದ ಮೇಲಕ್ಕೂ ಹರಿಯುತ್ತದೆ. ಹೆಸರು, ಫೋನ್ ಸಂಖ್ಯೆ, ಸರ್ವೆ ನಂಬರ್, ಬೆಳೆ, ಸಾಲ, ಹೊಲದ ಚಿತ್ರ, ನಾವು ನಿಂತ ಜಾಗ ಇವೆಲ್ಲ ಹೀಗೆ ಹರಿಯುವ ಮಾಹಿತಿ. ಇದಕ್ಕೆ ಬೆಲೆ ಇದೆಯೇ ಎಂದು ಸಂಶಯಪಡುವವರು ಒಂದು ಸಂಗತಿಯನ್ನು ತಿಳಿಯಬೇಕು. 2013 ರಲ್ಲಿ ಮಾನ್ಸಾಂಟೊ ಬೀಜ ಕಂಪನಿಯು, ಹವಾಮಾನ ಹಾಗೂ ಹೊಲದ ಅಂಕಿಅಂಶಗಳನ್ನು ವಿಶ್ಲೇಷಿಸುವ ಕ್ಲೈಮೇಟ್ ಕಾರ್ಪೊರೇಷನ್ ಎಂಬ ಕಂಪನಿಯನ್ನು ಸುಮಾರು 93 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೀಜ ಮಾರುವವರಿಗೆ ಹೊಲದ ಮಾಹಿತಿ ಎಷ್ಟು ಮುಖ್ಯ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಮರು ವರ್ಷವೇ ಅಮೆರಿಕದ ರೈತ ಸಂಘಟನೆಗಳೂ ಕೃಷಿ ಕಂಪನಿಗಳೂ ಕೂಡಿ, ಹೊಲದಲ್ಲಿ ಹುಟ್ಟಿದ ಮಾಹಿತಿಯ ಒಡೆಯ ರೈತನೇ ಎಂಬ ತತ್ತ್ವವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡವು.

ನಮ್ಮ ರಾಜ್ಯದ ಅನುಭವ ಇನ್ನೂ ಹಳೆಯದು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, 2000 ದಿಂದ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ನೀಡಲಾರಂಭಿಸಿದ್ದು ದೇಶಕ್ಕೇ ಮಾದರಿಯೆನಿಸಿತು. ಲಂಚ, ಅಲೆದಾಟ ಕಡಿಮೆಯಾದವು. ಆದರೆ 2007 ರಲ್ಲಿ ಬೆಂಗಳೂರಿನ ಸುತ್ತ ನಡೆದ ಅಧ್ಯಯನವೊಂದು ಇನ್ನೊಂದು ಮುಖವನ್ನು ತೋರಿಸಿತು. ದಾಖಲೆಗಳೆಲ್ಲ ಒಂದೆಡೆ ಸೇರಿದ್ದರಿಂದ ಸಣ್ಣ ರೈತನಿಗಿಂತ, ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಹೆಚ್ಚು ಅನುಕೂಲವಾಯಿತೆಂದು ಅದು ಹೇಳಿತು. ಒಂದೇ ಪುಸ್ತಕ ಇಬ್ಬರ ಮುಂದೆ ತೆರೆದಿಟ್ಟರೂ ಅದನ್ನು ಓದಿ ಲಾಭ ಮಾಡಿಕೊಳ್ಳುವ ಶಕ್ತಿ ಇಬ್ಬರಿಗೂ ಒಂದೇ ಇರುವುದಿಲ್ಲ.

ಈಗ ಇದೇ ಕೆಲಸ ದೇಶದ ಮಟ್ಟದಲ್ಲಿ ನಡೆಯುತ್ತಿದೆ. 2024 ರ ಸೆಪ್ಟೆಂಬರ್ 2 ರಂದು ಕೇಂದ್ರ ಸಂಪುಟವು 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ನೀಡಿತು. ಇದರ ಅಂಗವಾದ ಅಗ್ರಿಸ್ಟ್ಯಾಕ್‌ನಲ್ಲಿ ಮೂರು ಪಟ್ಟಿಗಳಿವೆ: ರೈತರ ಪಟ್ಟಿ, ಗ್ರಾಮಗಳ ನಕ್ಷೆ, ಬಿತ್ತಿದ ಬೆಳೆಯ ಪಟ್ಟಿ. 11 ಕೋಟಿ ರೈತರಿಗೆ ಗುರುತಿನ ಸಂಖ್ಯೆ ನೀಡುವ ಗುರಿ ಹಾಕಿಕೊಳ್ಳಲಾಗಿದೆ. ಕರ್ನಾಟಕದ ರೈತರಿಗೆ ಇದು ಹೊಸದಲ್ಲ. ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಬಹುತೇಕ ರೈತರ ಬಳಿ ಮೊದಲೇ ಇದೆ.

ಇದರ ಪ್ರಯೋಜನಗಳನ್ನು ಅಲ್ಲಗಳೆಯುವಂತಿಲ್ಲ. ಪ್ರತಿ ಯೋಜನೆಗೂ ಪಹಣಿ ಜೆರಾಕ್ಸ್ ಹಿಡಿದು ಅಲೆಯುವುದು ತಪ್ಪುತ್ತದೆ. ಬೆಳೆ ಹಾನಿ ಪರಿಹಾರ ನೇರವಾಗಿ ಖಾತೆಗೆ ಬರುತ್ತದೆ. ಬೆಳೆ ಸಾಲ ಬೇಗ ಮಂಜೂರಾಗುತ್ತದೆ. ಆದರೆ ಆಕ್ಷೇಪಣೆಗಳೂ ಇವೆ. 2021 ರಲ್ಲಿ ಕೃಷಿ ಮಂತ್ರಾಲಯವು ಮೈಕ್ರೋಸಾಫ್ಟ್ ಮೊದಲಾದ ಖಾಸಗಿ ಕಂಪನಿಗಳೊಡನೆ ಪ್ರಾಯೋಗಿಕ ಒಪ್ಪಂದಗಳನ್ನು ಮಾಡಿಕೊಂಡಾಗ, ಮಾಹಿತಿ ರಕ್ಷಣೆಯ ಕಾನೂನೇ ಇಲ್ಲದೆ ರೈತರ ಮಾಹಿತಿಯನ್ನು ಕಂಪನಿಗಳಿಗೆ ತೋರಿಸುವುದು ಸರಿಯಲ್ಲವೆಂದು ಹಲವು ಸಂಘಟನೆಗಳು ಪತ್ರ ಬರೆದವು. ಪಟ್ಟಿಯನ್ನು ಜಮೀನಿನ ದಾಖಲೆಯ ಆಧಾರದ ಮೇಲೆ ಮಾಡಿದರೆ ಕೋರು, ಗುತ್ತಿಗೆಗೆ ಮಾಡುವವರು ಹಾಗೂ ಹೆಸರಿನಲ್ಲಿ ಜಮೀನಿಲ್ಲದ ರೈತ ಮಹಿಳೆಯರು ರೈತರೆಂದೇ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯದು ಹೆಚ್ಚು ಗಂಭೀರವಾದುದು. ಮಾಹಿತಿ ಸೋರಿದರೆ ನಷ್ಟವಾಗುತ್ತದೆ, ಮಾಹಿತಿಯಲ್ಲಿ ಹೆಸರೇ ಇಲ್ಲದಿದ್ದರೆ ಪರಿಹಾರವೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಖಾಸಗಿತನದ ಹಕ್ಕಿನ ಕಥೆಗೆ ಕರ್ನಾಟಕದ ನಂಟಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012 ರಲ್ಲಿ, ತಮ್ಮ 86 ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. 2017 ರ ಆಗಸ್ಟ್ 24 ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಅದು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. 2018 ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೀಠವು ಸರ್ಕಾರಿ ಸಹಾಯಧನಗಳಿಗೆ ಆಧಾರ್ ಬಳಕೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ಪುಟ್ಟಸ್ವಾಮಿಯವರು 2024 ರಲ್ಲಿ ತೀರಿಕೊಂಡರು.

ಈ ತೀರ್ಪಿನ ಬೆನ್ನಿಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2023 ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ನಿಯಮಗಳನ್ನು 2025 ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027 ರ ಮೇ ತಿಂಗಳಿಗೆ ಜಾರಿಗೆ ಬರುವಂತೆ ಹಂತಗಳನ್ನು ಗೊತ್ತುಪಡಿಸಲಾಗಿದೆ. ಕಾಯಿದೆಯ ಮುಖ್ಯಾಂಶಗಳು ಹೀಗಿವೆ:

ಅ) ಮಾಹಿತಿ ಪಡೆಯುವವರು ಏನನ್ನು, ಯಾವ ಉದ್ದೇಶಕ್ಕೆ ಪಡೆಯುತ್ತಿದ್ದೇವೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಈ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ಪೈಕಿ ಯಾವುದರಲ್ಲಿಯಾದರೂ ಓದುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು.

ಆ) ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ತಪ್ಪಿದ್ದರೆ ತಿದ್ದಿಸಬಹುದು, ಅಳಿಸಲು ಕೇಳಬಹುದು.

ಇ) ಮಾಹಿತಿ ಕಾಪಾಡಲು ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಕಾಯಿದೆಯಲ್ಲಿ ಕೊರತೆಗಳೂ ಇವೆ. ಸಹಾಯಧನ, ಸವಲತ್ತು, ಪ್ರಮಾಣಪತ್ರಗಳ ಸಲುವಾಗಿ ಸರ್ಕಾರವು ತನ್ನಲ್ಲಿ ಮೊದಲೇ ಇರುವ ಮಾಹಿತಿಯನ್ನು ಹೊಸ ಒಪ್ಪಿಗೆಯಿಲ್ಲದೆ ಬಳಸಬಹುದು. ಕೇಂದ್ರವು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಇದೆ. ವಸೂಲಾದ ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ನಷ್ಟವಾದ ವ್ಯಕ್ತಿಗೆ ಅದರಿಂದ ಪರಿಹಾರವಿಲ್ಲ. ಈ ಕಾಯಿದೆಯ ಮೂಲಕ ಮಾಹಿತಿ ಹಕ್ಕು ಕಾಯಿದೆಗೆ ಮಾಡಿದ ತಿದ್ದುಪಡಿಯಿಂದ, ವೈಯಕ್ತಿಕ ಮಾಹಿತಿಯೆಂಬ ಕಾರಣ ಹೇಳಿ ಫಲಾನುಭವಿಗಳ ಪಟ್ಟಿಯಂತಹ ವಿವರಗಳನ್ನೂ ನಿರಾಕರಿಸುವ ಸಂಭವವಿದೆ ಎಂದು ಮಾಹಿತಿ ಹಕ್ಕು ಕಾರ್ಯಕರ್ತರು ದೂರಿದ್ದಾರೆ. ಖಾಸಗಿತನ ಬೇಕು, ಆದರೆ ಭ್ರಷ್ಟಾಚಾರಕ್ಕೆ ಅದು ಮುಸುಕಾಗಬಾರದು. ಈ ಎರಡನ್ನೂ ಸರಿದೂಗಿಸುವ ವಾದ ಇನ್ನೂ ನಡೆದಿದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಯಾವುದೇ ಕೃಷಿ ಆ್ಯಪ್ ಹಾಕಿಕೊಳ್ಳುವಾಗ ಅದು ಕೇಳುವ ಅನುಮತಿಗಳನ್ನು ಓದಿರಿ. ಹವಾಮಾನ ಹೇಳುವ ಆ್ಯಪ್‌ಗೆ ನೀವಿರುವ ಜಾಗ ಬೇಕಾದೀತು. ನಿಮ್ಮ ಫೋನಿನಲ್ಲಿರುವ ನೆಂಟರ ಸಂಖ್ಯೆಗಳು ಬೇಕಿಲ್ಲ. ಬೇಡವಾದುದಕ್ಕೆ ಅನುಮತಿ ಕೊಡಬಾರದು.

2. ಒಂದೇ ಮೂಲದ ಧಾರಣೆಯನ್ನು ನಂಬಬಾರದು. ಕನಿಷ್ಠ ಎರಡು ಮೂಲಗಳನ್ನು ಹೋಲಿಸಿ ನಂತರ ಮಾಲು ಸಾಗಿಸಿರಿ.

3. ಖಾಲಿ ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಆಧಾರ್ ನಕಲು ಕೊಡುವಾಗ ಯಾವ ಕೆಲಸಕ್ಕೆ, ಯಾವ ದಿನಾಂಕದಂದು ಕೊಟ್ಟದ್ದು ಎಂದು ಅದರ ಮೇಲೆಯೇ ಬರೆಯಿರಿ. ಸಾಧ್ಯವಿದ್ದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಪ್ರತಿಯನ್ನು ಕೊಡಿರಿ.

4. ನೋಂದಣಿ ದಸ್ತಾವೇಜುಗಳಲ್ಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023 ರಲ್ಲಿ ನಮ್ಮ ರಾಜ್ಯದಲ್ಲಿಯೂ ವರದಿಯಾದವು. ಆದುದರಿಂದ ಆಧಾರ್ ಬೆರಳಚ್ಚನ್ನು ಲಾಕ್ ಮಾಡಿಡುವುದು ಒಳ್ಳೆಯದು. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಅವಶ್ಯ. ಪಡಿತರ ಅಥವಾ ಸಹಾಯಧನಕ್ಕೆ ಬೆರಳು ಕೊಡುವ ಮೊದಲು ಲಾಕ್ ತೆಗೆಯಲು ಮರೆಯಬಾರದು. ವಿವರಗಳಿಗೆ 1947 ಸಂಖ್ಯೆಗೆ ಕರೆ ಮಾಡಬಹುದು.

5. ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿರಿ, ಬ್ಯಾಂಕಿಗೂ ತಿಳಿಸಿರಿ. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆ.

6. ವರ್ಷಕ್ಕೊಮ್ಮೆಯಾದರೂ ಪಹಣಿಯ ಬೆಳೆ ಕಾಲಂ, ಎಫ್‌ಐಡಿಯಲ್ಲಿ ಸೇರಿರುವ ಸರ್ವೆ ನಂಬರುಗಳು ಹಾಗೂ ಬೆಳೆ ಸಮೀಕ್ಷೆಯ ವಿವರ ಸರಿಯಿವೆಯೇ ಎಂದು ನೋಡಿಕೊಳ್ಳಿರಿ. ಕಡಲೆ ಬೆಳೆದ ಹೊಲ ದಾಖಲೆಯಲ್ಲಿ ಜೋಳವಾಗಿದ್ದರೆ ವಿಮೆಯೂ ಇಲ್ಲ, ಬೆಂಬಲ ಬೆಲೆಯ ಖರೀದಿಯೂ ಇಲ್ಲ. ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿರಿ.

7. ಮಾತಾಡಲು ಮಾತ್ರ ಫೋನ್ ಬಳಸುವ ಹಿರಿಯರು ಡೇಟಾ ಇರುವ ದುಬಾರಿ ರೀಚಾರ್ಜ್ ಮಾಡಿಸಬೇಕಾಗಿಲ್ಲ. ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಮಾತ್ರ ಪ್ರತ್ಯೇಕ ರೀಚಾರ್ಜ್ ಇರಬೇಕೆಂದು ಟ್ರಾಯ್ 2024 ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅಂಗಡಿಯಲ್ಲಿ ಕೇಳಿ ಪಡೆಯಿರಿ.

8. ಟ್ರಾಯ್ ಅಥವಾ ಸರ್ಕಾರ ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ರೈತ ಸಂಘ, ಸಹಕಾರ ಸಂಘ, ಉತ್ಪಾದಕ ಕಂಪನಿಗಳು ಕನ್ನಡದಲ್ಲಿಯಾದರೂ ಒಂದು ಪುಟ ಬರೆದು ಕಳುಹಿಸಬೇಕು. 2015 ರಲ್ಲಿ ಬಂದ 10 ಲಕ್ಷ ಪತ್ರಗಳಿಂದ ನಿಯಮದ ದಿಕ್ಕೇ ಬದಲಾಯಿತು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಪ್ರಾರಂಭದಲ್ಲಿ ಹೇಳಿದ ರೈತರ ಪ್ರಶ್ನೆಗೆ ಈಗ ಉತ್ತರಿಸಬೇಕಾಗಿದೆ. ಅವರ ಫೋನನ್ನು ಪರಿಶೀಲಿಸಿದೆವು. ಅದರಲ್ಲಿ ಯಾವ ಕೃಷಿ ಆ್ಯಪ್ ಕೂಡ ಇರಲಿಲ್ಲ. ಕಡೆಗೆ ನೆನಪಾದದ್ದು ಅದರ ಹಿಂದಿನ ವರ್ಷ ನಾವೇ ನಡೆಸಿದ ಕ್ಷೇತ್ರೋತ್ಸವ. ಹಾಜರಿ ಪಟ್ಟಿಯಲ್ಲಿ ಹೆಸರು, ಊರು, ಫೋನ್ ಸಂಖ್ಯೆ, ಬೆಳೆ, ಎಕರೆ ಎಂಬ ಕಾಲಂಗಳಿದ್ದವು. ಅಂದಿನ ಊಟದ ಖರ್ಚು ವಹಿಸಿದ್ದ ಔಷಧ ಮಾರಾಟಗಾರರೊಬ್ಬರು ಪಟ್ಟಿಯ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದ್ದರು. ತೆಗೆದುಕೊಳ್ಳಿ ಎಂದವನು ನಾನೇ. ಅದರಲ್ಲಿ ತಪ್ಪಿದೆ ಎಂದು ಆಗ ಹೊಳೆದಿರಲಿಲ್ಲ. ತೊಗರಿ ಯಾವಾಗ ಹೂವು ಬಿಡುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುಂದಿನ ಶಿಬಿರದಲ್ಲಿ ಆ ರೈತರಿಗೆ ಇದನ್ನು ತಿಳಿಸಿ ಕ್ಷಮೆ ಕೇಳಿದೆ. ಅವರು, "ಅವರು ಹೇಳಿದ ಎಣ್ಣಿ ಹೊಡದೀನ್ರಿ ಸರ, ಎರಡು ಸಲ. ಹುಳ ಅಷ್ಟು ಇದ್ದಿಲ್ಲ" ಎಂದರು. ಆರ್ಥಿಕ ನಷ್ಟದ ಮಟ್ಟಕ್ಕೆ ಕೀಟದ ಸಂಖ್ಯೆ ಬರುವ ಮೊದಲೇ ಸಿಂಪಡಿಸಬಾರದೆಂದು ನಾನು ಹೇಳಿಕೊಟ್ಟ ಪಾಠವನ್ನು, ನಾನೇ ಕೊಟ್ಟ ಪಟ್ಟಿಯಿಂದ ಬಂದ ಫೋನ್ ಕರೆ ಸೋಲಿಸಿತ್ತು.

ಅಂದಿನಿಂದ ನಮ್ಮ ಹಾಜರಿ ಪಟ್ಟಿಯಲ್ಲಿ ಹೆಸರು, ಊರು, ಸಹಿ ಮಾತ್ರ ಇರುತ್ತವೆ. ಫೋನ್ ಸಂಖ್ಯೆ ಅವಶ್ಯವಿದ್ದರೆ ಏಕೆ ಬೇಕೆಂದು ಹೇಳಿ, ಪ್ರತ್ಯೇಕ ಹಾಳೆಯಲ್ಲಿ ಬರೆಸಿಕೊಂಡು, ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಇಡಲಾಗುತ್ತಿದೆ. ಹೊರಗಿನವರು ಕೇಳಿದರೆ ಕೊಡುವುದಿಲ್ಲ. ರೈತ ಸಂಪರ್ಕ ಕೇಂದ್ರಗಳ ಸಿಬ್ಬಂದಿ, ಬೆಳೆ ಸಮೀಕ್ಷೆ ಮಾಡುವ ಯುವಕರು, ಸಂಶೋಧನಾ ವಿದ್ಯಾರ್ಥಿಗಳು ಇವರೆಲ್ಲರೂ ಇದೇ ಪದ್ಧತಿಯನ್ನು ಅನುಸರಿಸುವುದು ಸೂಕ್ತ.

ರೈತ ಬಾಂಧವರು ಅಂತರಜಾಲಕ್ಕೆ ಹೆದರಿ ದೂರ ನಿಲ್ಲಬೇಕೆಂದು ಈ ಲೇಖನದ ಉದ್ದೇಶವಲ್ಲ. ಕಾಲುವೆಯ ನೀರನ್ನು ಬೇಡವೆನ್ನುವ ರೈತನಿಲ್ಲ. ಆದರೆ ತನ್ನ ಸರದಿ ಯಾವಾಗ, ತೂಬು ಯಾರ ಕೈಯಲ್ಲಿದೆ, ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂಬುದನ್ನು ಪ್ರತಿಯೊಬ್ಬ ರೈತನೂ ಕೇಳಿ ತಿಳಿದುಕೊಳ್ಳುತ್ತಾನೆ. ಅಂತರಜಾಲದ ವಿಷಯದಲ್ಲಿಯೂ ಈ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.